ಮೂರನೇ ಸಲ ಕೇಳಿದರೆ ಮಾತ್ರ

ನಮ್ಮ ಜೂಪಾರ್ ಊರಿನಲ್ಲಿ ಯಾರಾದರೂ ಚಹಾ ಬೇಕೇ ಎಂದರೆ ಬೇಡ ಎನ್ನಬೇಕು. ಎರಡನೇ ಸಲ ಕೇಳಿದರೂ ಬೇಡ. ಮೂರನೇ ಸಲಕ್ಕೆ, ಅವರ ಮನಸ್ಸು ನೋಯದಿರಲೆಂದೇ ಒಪ್ಪಿದವರಂತೆ ಮುಖ ಮಾಡಿ ಲೋಟಕ್ಕೆ ಕೈ ಚಾಚಬೇಕು. ಈ ಮರ್ಯಾದೆಯಲ್ಲಿ ನಾವು ತಣ್ಣಗಾಗಿಸಿ ಕುಡಿದ ಚಹಾಕ್ಕೆ ಲೆಕ್ಕವಿಲ್ಲ. ಆದರೆ ಅದಕ್ಕೆ ಸೊಂಟವನ್ನೇ ಒತ್ತೆಯಿಟ್ಟವನು ಮಶ್ ಯಾದೊಲ್ಲಾ ಒಬ್ಬನೇ.

ಊರು ಗೌರವಕ್ಕೆ ಮಶ್ ಎನ್ನುವ ಈ ಯಾದೊಲ್ಲಾ ಬೆಟ್ಟದ ಬುಡದಿಂದ ತೋಟಗಳಿಗೆ ನೀರು ತರುವ ನೆಲದಡಿಯ ಸುರಂಗಗಳನ್ನು ತೋಡುತ್ತಿದ್ದವನು. ಹರೆಯವನ್ನೆಲ್ಲ ತಣ್ಣೀರಿನಲ್ಲಿ ಬಗ್ಗಿಯೇ ಕಳೆದ. ಸಂಜೆ ಮೇಲೆ ಬಂದರೂ ಬೆನ್ನು ಮಾತ್ರ ಒಳಗೇ ಉಳಿದಂತಿರುತ್ತಿತ್ತು. ಅದನ್ನು ಎತ್ತಿ ತರಲು ಆಗ ಊರಿಗೆ ಗೊತ್ತಿದ್ದದ್ದು ಒಂದೇ ಮದ್ದು: ಅವನ ಜತೆ ಸುರಂಗ ತೋಡುತ್ತಿದ್ದ ಗೆಳೆಯ ಎಸ್ಫಂದ್ಯಾರನ ಮನೆಯ ಅಗ್ಗಿಷ್ಟಿಕೆ.

ಎಂಥ ಸಂಜೆಗಳವು! ಬೂದಿಯ ಮೇಲೆ ಕೆಂಡಗಳು, ಪಕ್ಕದಲ್ಲಿ ಗುಂಯ್‌ಗುಡುವ ಚಹಾದ ಹಂಡೆ, ತಟ್ಟೆಯಲ್ಲಿ ಖರ್ಜೂರ ತುಂಬಿದ ಕೊಲೊಂಪೆ ಬಿಸ್ಕತ್ತು. ಅಫೀಮಿನ ನಳಿಗೆ ಕೈಯಿಂದ ಕೈಗೆ ಬರುತ್ತಿತ್ತು. ಎಸ್ಫಂದ್ಯಾರ್ ತಾನು ಸುರಂಗದಲ್ಲಿ ಕಂಡ ಕುರುಡು ಮೀನಿನ ಕಥೆ ಹೇಳುತ್ತಿದ್ದ. ಪ್ರತಿ ಚಳಿಗಾಲಕ್ಕೂ ಆ ಮೀನು ಒಂದು ಗೇಣು ಬೆಳೆಯುತ್ತಿತ್ತು. ಯಾದೊಲ್ಲಾನ ನೋವು ಕರಗಿ, ಮೀನಿನ ಜತೆ ಈಜಿಕೊಂಡು ಹೋಗುತ್ತಿತ್ತು.

ನೋವಿಗೆಂದು ಕರೆದ ಅಫೀಮು ಎಂಬ ಅತಿಥಿ ಕೊನೆಗೆ ಮನೆಯ ಯಜಮಾನನಾಗಿ ಕೂತ. ನಳಿಗೆ ಸಿಗದ ದಿನ ಯಾದೊಲ್ಲಾನಿಗೆ ಮೂಗು ಸೋರುವುದು, ಮೈ ನಡುಗುವುದು, ಬೆಕ್ಕಿನ ಮೇಲೆ ರೇಗುವುದು. ಹೆಂಡತಿ ಕೌಕಬ್ ಬೆಕ್ಕಿನ ಪರ ವಹಿಸಿ ಅವನನ್ನು ಚಟ ಬಿಡಿಸುವ ದವಾಖಾನೆಗೆ ಎಳೆದೊಯ್ದಳು. ಅಲ್ಲಿ ದಿನಾ ಬೆಳಿಗ್ಗೆ ಒಂದು ಪುಟ್ಟ ಲೋಟದಲ್ಲಿ ಅಫೀಮಿನ ಬದಲು ಮೆಥಡೋನ್ ಎಂಬ ಸಿರಪ್ಪು. ಹೊಗೆ ಬಿಟ್ಟುಹೋಯಿತು. ನಡುಕ ನಿಂತಿತು. ಬೆಕ್ಕು ಮನೆಗೆ ಮರಳಿತು.

ಆದರೆ ಮಧ್ಯಾಹ್ನ ಕಳೆದರೆ ಸಾಕು, ಸೊಂಟಕ್ಕೆ ಹಳೆಯ ಗುದ್ದಲಿ ಬೀಳುತ್ತಿತ್ತು.

ದವಾಖಾನೆಯ ಡಾಕ್ಟರು ತೆಹ್ರಾನಿನಿಂದ ಹೊಸದಾಗಿ ಬಂದ ಹುಡುಗಿ. ಏನನ್ನೇ ಆದರೂ ಒಂದು ಸಲ ಮಾತ್ರ ಕೇಳುವವಳು.

"ನೋವು ಹೇಗಿದೆ ಮಶ್ ಯಾದೊಲ್ಲಾ?"

ಯಾದೊಲ್ಲಾ ಎದೆಯ ಮೇಲೆ ಕೈಯಿಟ್ಟು, "ನಿಮ್ಮ ನೆರಳಲ್ಲಿ ಸುಖವಾಗಿದೀನಿ ತಾಯಿ. ನಿಮ್ಮ ಕೈ ನೋಯದಿರಲಿ," ಎಂದ.

ಡಾಕ್ಟರು ನಂಬಿದಳು. "ಹಾಗಾದ್ರೆ ಮದ್ದು ಸ್ವಲ್ಪ ಇಳಿಸೋಣ."

ಅದಕ್ಕೂ ಯಾದೊಲ್ಲಾ ಕೈ ನೋಯದಿರಲಿ ಎಂದೇ ಥ್ಯಾಂಕ್ಸ್ ಹೇಳಿ ಬಂದ.

ಸಿರಪ್ಪು ಇಳಿಯಿತು, ಚಳಿ ಏರಿತು. ಒಂದು ಸಂಜೆ ಕೌಕಬ್ ರೊಟ್ಟಿ ತರಲು ಹೋದಾಗ ಯಾದೊಲ್ಲಾನ ಕಾಲುಗಳು ತಾವಾಗಿಯೇ ಎಸ್ಫಂದ್ಯಾರನ ಮನೆಯ ದಾರಿ ಹಿಡಿದವು. ಅದೇ ಅಗ್ಗಿಷ್ಟಿಕೆ. ಸುತ್ತಲಿನ ದಿಂಬುಗಳು ಮಾತ್ರ ಖಾಲಿ. ಅವಕ್ಕೆ ಒರಗುತ್ತಿದ್ದವರು ಒಬ್ಬೊಬ್ಬರಾಗಿ ಸ್ಮಶಾನ ಸೇರಿದ್ದರು. ಎಸ್ಫಂದ್ಯಾರ್ ನಳಿಗೆ ಹಿಡಿದು ಕೆಮ್ಮುತ್ತಿದ್ದ.

"ಬಾ ಮಾರಾಯ, ಸತ್ತೇಹೋದೆ ಅಂದ್ಕೊಂಡಿದ್ದೆ. ಒಂದು ದಮ್ಮು ಎಳೀತೀಯಾ?"

"ಬೇಡಪ್ಪ."

"ಸೊಂಟ ಹಿಡ್ಕೊಂಡು ಬಂದಿದೀಯ. ಒಂದೇ ಒಂದು?"

"ಬೇಡ, ನಿನ್ನ ಕೈ ನೋಯದಿರಲಿ."

ಯಾದೊಲ್ಲಾ ಕಾದ. ಬಾಯಲ್ಲಿ ನೀರೂರಿತು. ಇನ್ನೊಂದು ಮಾತು ಬಂದರೆ ಸಾಕು, ಬಿಟ್ಟದ್ದೆಲ್ಲ ಆ ಕೆಂಡದ ಪಾಲು. ಅದು ಅವನಿಗೂ ಗೊತ್ತಿತ್ತು, ಎಸ್ಫಂದ್ಯಾರನಿಗೂ ಗೊತ್ತಿತ್ತು.

ಎಸ್ಫಂದ್ಯಾರ್ ಗೆಳೆಯನ ಮುಖ ನೋಡಿದ. ಖಾಲಿ ದಿಂಬುಗಳನ್ನೂ ನೋಡಿದ. ಆಮೇಲೆ ನಳಿಗೆಯನ್ನು ತನ್ನ ಬೆನ್ನ ಹಿಂದೆ ಇಟ್ಟು, ಕಲ್ಲುಸಕ್ಕರೆ ಹಾಕಿ ಚಹಾ ಕಲಕತೊಡಗಿದ.

"ಮೂರನೇ ಸಲ ಕೇಳಲ್ಲ ನಾನು."

"ಇದೆಂಥಾ ಅಮರ್ಯಾದೆ?" ಯಾದೊಲ್ಲಾ ನಳಿಗೆಯ ಕಡೆ ಕತ್ತು ಚಾಚಿದ.

"ಹೌದು, ಅಮರ್ಯಾದೆಯೇ. ಹೋಗಿ ಊರೆಲ್ಲ ಹೇಳು. ಹಾಗೇ ಆ ಡಾಕ್ಟರಮ್ಮನಿಗೂ ಹೇಳು, ನೋವಿದೆ ಅಂತ."

"ಪಾಪ, ಅಷ್ಟು ಕಷ್ಟಪಟ್ಟು ಔಷಧಿ ಕೊಡ್ತಾಳೆ. ಅವಳ ಮುಖಕ್ಕೆ ಹೇಗೆ ಹೇಳೋದು?"

"ಅಯ್ಯೋ ಕತ್ತೆ," ಎಂದ ಎಸ್ಫಂದ್ಯಾರ್, ತುಂಬ ಪ್ರೀತಿಯಿಂದ. ಚಹಾ ಕುಡಿಯುತ್ತ ಮೀನಿನ ಕಥೆ ಹೇಳಿದ. ಮೀನು ಈಗ ಕತ್ತೆಯಷ್ಟು ದೊಡ್ಡದಾಗಿ ಬೆಳೆದಿತ್ತು.

ಮರುದಿನ ದವಾಖಾನೆಗೆ ಕೌಕಬ್ ಜತೆಗೇ ಹೋದಳು. ಎಸ್ಫಂದ್ಯಾರ್ ಬೆಳಿಗ್ಗೆಯೇ ಬಂದು ಚಾಡಿ ಹೇಳಿ ಹೋಗಿದ್ದ.

"ನೋವು ಹೇಗಿದೆ?" ಎಂದಳು ಡಾಕ್ಟರು.

"ನಿಮ್ಮ ನೆರಳಲ್ಲಿ..."

"ಖಾನುಂ ಡಾಕ್ಟರ್," ಕೌಕಬ್ ಮರ್ಯಾದೆ ಬಿಡದೆ ನಡುವೆ ಬಾಯಿ ಹಾಕಿದಳು. "ಒಂದು ಸಲ ಕೇಳಿದ್ರೆ ನಮ್ಮೋರು ಚಹಾನೇ ಕುಡಿಯಲ್ಲ. ನೋವು ಹೇಳ್ತಾರಾ? ಇನ್ನೂ ಎರಡು ಸಲ ಕೇಳಿ."

ಡಾಕ್ಟರು ಪೆನ್ನು ಕೆಳಗಿಟ್ಟಳು. "ಮಶ್ ಯಾದೊಲ್ಲಾ, ನೋವಿದೆಯಾ?"

"ಅಂಥದ್ದೇನಿಲ್ಲ ಮಗಳೇ."

ಅವಳು ಕುರ್ಚಿ ಹತ್ತಿರ ಎಳೆದುಕೊಂಡಳು. "ನೋವಿದೆಯಾ?"

ಯಾದೊಲ್ಲಾ ಹೆಂಡತಿಯ ಕಡೆ ನೋಡಿದ, ಗೋಡೆ ನೋಡಿದ. ಆಮೇಲೆ ಮೊದಲ ಬಾರಿಗೆ, ಚಹಾ ಲೋಟಕ್ಕೆ ಕೈ ಚಾಚುವವನಂತೆ ಸಂಕೋಚದಿಂದ, "ನೀವು ಇಷ್ಟು ಕೇಳ್ತಿದೀರಿ ಅಂತ ಹೇಳ್ತೀನಿ. ಇದೆ. ಮಧ್ಯಾಹ್ನ ಆದ್ಮೇಲೆ ಬದುಕೋದೇ ಬೇಡ ಅನ್ಸುತ್ತೆ. ನಿನ್ನೆ ನಳಿಗೆ ಹತ್ರ ಕೂತಿದ್ದೆ," ಎಂದ.

ಡಾಕ್ಟರು ಬೈಯಲಿಲ್ಲ. "ಇದನ್ನ ಮೊದಲೇ ಹೇಳಬಾರದಾ? ಈ ಮದ್ದು ಚಟವನ್ನ ಇಡೀ ದಿನ ಹಿಡಿದಿಡುತ್ತೆ. ನೋವನ್ನ ಹಿಡಿಯೋದು ಕೆಲವೇ ಗಂಟೆ. ಇಳಿಸಿದ್ದನ್ನ ವಾಪಸ್ ಕೊಡ್ತೀನಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆಗೆ ಹಂಚಿ ತಗೊಳ್ಳಿ. ಮನೆಗೆ ಒಯ್ಯುವ ಪಾಲು ಕೌಕಬ್ ಖಾನುಂ ಕೈಲಿ, ಬೀಗದೊಳಗೆ ಇರಲಿ."

ಸೊಂಟ ಪೂರ್ತಿ ನೆಟ್ಟಗಾಗಲಿಲ್ಲ. ಸುರಂಗ ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಆದರೆ ಮಧ್ಯಾಹ್ನಗಳು ದಾಟುವಂತಾದವು. ಈಗ ಸಂಜೆ ಎಸ್ಫಂದ್ಯಾರನೇ ಯಾದೊಲ್ಲಾನ ಮನೆಗೆ ಬರುತ್ತಾನೆ, ನಳಿಗೆಯನ್ನು ತನ್ನ ಮನೆಯಲ್ಲೇ ಬಿಟ್ಟು. ಕೌಕಬ್ ಅಗ್ಗಿಷ್ಟಿಕೆಯ ಮೇಲೆ ಚಹಾ ಇಟ್ಟು ಬೇಕೇ ಎನ್ನುತ್ತಾಳೆ. ಇಬ್ಬರೂ ಬೇಡ ಎನ್ನುತ್ತಾರೆ. ಆಮೇಲೆ ಅವಳು, ಮೊನ್ನೆಯಷ್ಟೇ ದವಾಖಾನೆಯ ದಾರಿ ಕೇಳಿದ ಎಸ್ಫಂದ್ಯಾರನನ್ನು ಮಾತ್ರ, ಆಗಲೇ ಒಮ್ಮೆ ಕೇಳಿದ್ದನ್ನು ಎರಡನೇ ಸಲ ಕೇಳುತ್ತಾಳೆ: "ನಾಳೆ ದವಾಖಾನೆಗೆ ನೀವೂ ಜತೆಗೆ ಬರ್ತೀರಾ?"

"ಬೇಡ ತಂಗಿ," ಎನ್ನುತ್ತಾನೆ ಅವನು, ಮೂರನೇ ಸಲಕ್ಕೆ ಕಾಯುತ್ತ.