ಪೊದೆಯ ಮಾತು ವರ್ನಾ ಹೇಳಲಿಲ್ಲ

ಬೆಟ್ಟದ ಆಸ್ಪೆನ್ ಮರಗಳು ಹಳದಿಗೆ ತಿರುಗುವಾಗ ಗಂಡು ಎಲ್ಕ್‌ಗಳು ಹೆಣ್ಣುಗಳ ಹಿಂಡು ಕಟ್ಟಿಕೊಂಡು ಕೆಳಗಿಳಿಯುತ್ತವೆ. ಕಡವೆಗಿಂತ ದೊಡ್ಡ ಮೈ, ಸಿಳ್ಳೆಯಂಥ ಕೂಗು. ಅದನ್ನು ಕೇಳಲು ನಮ್ಮ ರಾಷ್ಟ್ರೀಯ ಉದ್ಯಾನಕ್ಕೆ ಜನ ನುಗ್ಗುತ್ತಾರೆ. ಅವರನ್ನು ದೂರ ನಿಲ್ಲಿಸುವುದು ವರ್ನಾ ಸ್ಟ್ರೌಡ್‌ಳ ಕೆಲಸ. ಸಂಬಳವಿಲ್ಲ. ಶಾಲಾ ಬಸ್ ಓಡಿಸುತ್ತಿದ್ದ ಕಾಲದಿಂದ, ಇಪ್ಪತ್ತೆರಡು ವರ್ಷ, ಪ್ರತಿ ಸೆಪ್ಟೆಂಬರ್‌ನಲ್ಲೂ ಅವಳು ಆ ಹುಲ್ಲುಗಾವಲಿನ ಸೇತುವೆ ಬಿಟ್ಟು ಕದಲಿರಲಿಲ್ಲ.

ಹೋದ ವರ್ಷ ಕೊರಿನ್ ಇದೇ ಕೆಲಸಕ್ಕೆ ಬಂದು ಸೇರಿದಳು. ಊರಿಗೇ ಹೊಸಬಳು. ನಿಂತಲ್ಲೇ ಪೆನ್ಸಿಲಿನಲ್ಲಿ ಎಲ್ಕ್ ಚಿತ್ರ ಬರೆದು ಮಕ್ಕಳ ಕೈಗಿಡುತ್ತಿದ್ದಳು. ಮಕ್ಕಳು ಅವಳಿಗೇ ಅಂಟಿಕೊಂಡರು.

"ನನ್ನ ಚಿತ್ರಾನೂ ಬರೀತಾಳೇನೋ ಕೇಳೇ," ಎಂದ ವರ್ನಾಳ ಗಂಡ ಹಾರ್ಲನ್.

"ಕೇಳ್ತೀನಿ. ಹಲ್ಲುದುರಿದ ಕರಡಿ ಬರೆಯೋಕೆ ಬರತ್ತಾ ಅಂತ."

ತಮಾಷೆಯೇನೋ ಮಾಡಿದಳು, ಊಟ ಮಾತ್ರ ಸೇರಲಿಲ್ಲ. ಆ ವಾರವೇ ಮೇಲಿನವರು ಸೇತುವೆಯನ್ನು ಕೊರಿನ್‌ಗೆ ಕೊಟ್ಟು, ವರ್ನಾಳನ್ನು ಕಾರು ನಿಲ್ಲಿಸುವ ಜಾಗಕ್ಕೆ ಕಳಿಸಿದರು.

"ಇಲ್ಲಿ ಏನಾದ್ರೂ ಹುಷಾರಾಗಿರ್ಬೇಕಾ ವರ್ನಾ?" ಎಂದು ಕೊರಿನ್ ಕೇಳಿದಳು.

ಸಂಜೆ ಸೇತುವೆಯ ಹಿಂದಿನ ಪೊದೆಯಿಂದ ಒಂಟಿ ಗಂಡು ಎಲ್ಕೊಂದು ನುಗ್ಗುತ್ತದೆಂದು ವರ್ನಾಳಿಗೆ ಗೊತ್ತಿತ್ತು. "ಏನಿಲ್ಲ. ಎಲ್ಲಾ ಬಲ್ಲವಳು ನೀನು," ಎಂದು ನಡೆದುಬಿಟ್ಟಳು.

ಬಿಸಿಲು ಇಳಿಯುವ ಹೊತ್ತಿಗೆ ಪೊದೆಯಿಂದ ಸಿಳ್ಳೆ ಕೇಳಿತು. ವರ್ನಾ ಸೇತುವೆಯತ್ತ ಓಡಿದಳು. ಗಂಡು ತಲೆ ತಗ್ಗಿಸಿ ಬರುತ್ತಿತ್ತು. ಕೊರಿನ್ ಬೆನ್ನು ಹಾಕಿ ಚಿತ್ರ ಬರೆಯುತ್ತಿದ್ದಳು. ವರ್ನಾ ಅವಳ ಜಾಕೆಟ್ ಹಿಡಿದು ರಸ್ತೆಬದಿಯ ಕಾರೊಂದರ ಹಿಂದಕ್ಕೆ ಎಳೆದಳು. ಕೊಂಬು ಕಾರಿನ ಬಾಗಿಲನ್ನು ಗೀರಿತು. ಬಿದ್ದ ರಭಸಕ್ಕೆ ಕೊರಿನ್‌ಳ ಬಲ ಮಣಿಕಟ್ಟು ಮುರಿಯಿತು.

"ವರ್ನಾ ಇಲ್ದಿದ್ರೆ ನಾನಿರ್ತಿರ್ಲಿಲ್ಲ," ಎಂದು ಕೊರಿನ್ ಊರಿಡೀ ಹೊಗಳಿದಳು. ವರ್ನಾ ನಾಲ್ಕು ದಿನ ತಡೆದುಕೊಂಡಳು. ಐದನೆಯ ದಿನ ಕೊರಿನ್‌ಳ ಮನೆಗೇ ಹೋದಳು.

"ಅದು ಅಲ್ಲಿಂದ್ಲೇ ಬರತ್ತೆ ಅಂತ ಗೊತ್ತಿತ್ತು. ಬೇಕಂತ್ಲೇ ಹೇಳ್ಲಿಲ್ಲ."

ಕೊರಿನ್ ಪ್ಲಾಸ್ಟರ್ ಹಾಕಿದ ಕೈಯನ್ನು ನೋಡುತ್ತ ಕೂತಳು. "ಯಾಕೆ?"

"ಮಕ್ಕಳೆಲ್ಲ ನಿನ್ನ ಹತ್ರಾನೇ ಬರ್ತಿದ್ರು."

"ಎದ್ದು ಹೋಗು ವರ್ನಾ."

ಚಳಿಗಾಲವಿಡೀ ಅವರು ಮಾತಾಡಲಿಲ್ಲ. ಈ ಸೆಪ್ಟೆಂಬರ್‌ನಲ್ಲಿ ಸೇತುವೆ ಮತ್ತೆ ಕೊರಿನ್‌ಳದೇ. ದಿನಾ ಬೆಳಿಗ್ಗೆ ವರ್ನಾ ಅಲ್ಲಿಗೆ ಹೋಗಿ, ಯಾವ ಗಂಡು ಎಲ್ಲಿದೆ ಎಂದು ಬೆರಳು ಮಾಡಿ ತೋರಿಸುತ್ತಾಳೆ. ಕೊರಿನ್ ಕೇಳಿಸಿಕೊಂಡು ತಲೆಯಾಡಿಸುತ್ತಾಳೆ, ಅಷ್ಟೇ.

"ಈಗ ಹೊಟ್ಟೆಯುರಿ ಹೋಯ್ತಾ?" ಎಂದು ಅವಳ ಪಕ್ಕದ ಮನೆಯವಳಾದ ನಾನೊಮ್ಮೆ ಕೇಳಿದೆ.

"ಎಲ್ಲಿ ಹೋಗತ್ತೆ?" ಎಂದಳು ವರ್ನಾ. "ಈಗ ಅವಳು ಎಡಗೈಯಲ್ಲೂ ಚಿತ್ರ ಬರೀತಾಳೆ ಕಣೆ."