ವೀಳ್ಯ ಕೊಡದ ದುರುಗಕ್ಕ

ರಾಯದುರ್ಗದಿಂದ ಹಗರಿ ಹೊಳೆಯ ಕಡೆಗೆ ಹೊರಟರೆ, ಭೈರವಾನಿತಿಪ್ಪಕ್ಕೆ ಮುಂಚೆ ಸಿಗುವ ಒಂದೂರಿನ ಮಾದಿಗರ ಕೇರಿಯಲ್ಲಿ ದುರುಗಕ್ಕ ಎಂಬ ಹೆಣ್ಣುಮಗಳಿದ್ದಳು. ಮದರಾಸಿನಿಂದ ಬಿಳಿಯರು ಆಳುತ್ತಿದ್ದ ಕಾಲ ಅದು. ಅವಳಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಗಂಡು ಸಂತಾನವಿಲ್ಲದ ಮನೆಯವರು ಹಿರಿಮಗಳನ್ನು ಊರಮ್ಮನ ಹೆಸರಿನಲ್ಲಿ ಬಸವಿ ಬಿಡುವುದು ಆ ಸೀಮೆಯ ರೂಢಿ. ಕೊರಳಿಗೆ ಮುತ್ತಿನ ಸರ ಕಟ್ಟಿದರೆ ಮುಗಿಯಿತು. ಆ ಹುಡುಗಿಗೆ ಇನ್ನು ಮದುವೆ ಎಂಬುದಿಲ್ಲ, ಅವಳೇ ಆ ಮನೆಯ ಮಗ. ಅಪ್ಪ ಸತ್ತರೆ ಮೊದಲ ಹಿಡಿ ಮಣ್ಣು ಹಾಕುವವಳು ಅವಳು. ಕುಲದವರ ಮುಂದೆ ಮನೆಯ ಪರವಾಗಿ ವೀಳ್ಯ ಕೊಡುವವಳೂ ಅವಳೇ. ಕೇಳುವುದಕ್ಕೆ ದೊಡ್ಡ ಮರ್ಯಾದೆ. ಆ ಮರ್ಯಾದೆಯ ಹೆಸರಿನಲ್ಲಿ ಅವಳು ಏನೇನು ಸಹಿಸಿದಳು ಎಂದು ಊರಲ್ಲಿ ಒಬ್ಬರೂ ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಮುಖಕ್ಕೆ ಉಗಿದು ಕಳಿಸುತ್ತಿದ್ದಳು.

ಕೇರಿಗೆ ಮಿಷನ್ನಿನ ಉಪದೇಶಿ ಸಾಮುವೇಲಪ್ಪ ಬಂದು ಗುಡಿಸಲಿನಲ್ಲಿ ಪ್ರಾರ್ಥನೆ ಶುರು ಮಾಡಿದಾಗ ದುರುಗಕ್ಕನಿಗೆ ಆಗಲೇ ತಲೆ ನರೆತಿತ್ತು. ಎಲ್ಲರಿಗಿಂತ ಮೊದಲು ಹೋಗಿ ಕೂತವಳು ಅವಳು. ದೀಕ್ಷಾಸ್ನಾನಕ್ಕೆ ಮುಂಚೆ ಮುತ್ತು ಕಿತ್ತು ಹಗರಿಯ ಮರಳಲ್ಲಿ ಹೂತಳು. ಹೆಸರೂ ಬದಲಾಯಿಸೋಣ ಎಂದು ಸಾಮುವೇಲಪ್ಪ ಹೇಳಿದಾಗ ಮಾತ್ರ, ಅಪ್ಪ ಇಟ್ಟದ್ದು ಇರಲಿ ಬಿಡ್ರಿ ಎಂದಳು.

ಅವಳ ಪ್ರಾರ್ಥನೆಯ ರೀತಿಯೇ ಬೇರೆ. ಶೇಂಗಾ ಹೊಲದಲ್ಲಿ ಕಳೆ ಕೀಳುತ್ತ, ಪಕ್ಕದ ಸಾಲಿನಲ್ಲಿ ಯಾರೋ ಕೂತಿದ್ದಾರೆ ಅನ್ನುವ ಹಾಗೆ ದೇವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. ಕಂಡದ್ದನ್ನು ಹೇಳುವಳು, ಬೇಕಾದ್ದನ್ನು ಕೇಳುವಳು, ಕೊಡದಿದ್ದರೆ ಯಾಕೆ ಕೊಡಲಿಲ್ಲ ಎಂದು ದಬಾಯಿಸುವಳು. ಸಾಮುವೇಲಪ್ಪನಿಗೆ ಇದು ಸರಿಬರಲಿಲ್ಲ. ಕಣ್ಣು ಮುಚ್ಚಿ ಕೈ ಜೋಡಿಸಿ ಮಾಡಬೇಕು ಎಂದು ತಿದ್ದಿದ.

"ಕಣ್ಣು ಮುಚ್ಚಿದ್ರ ಶೇಂಗಾ ಬಳ್ಳಿನೂ ಕಿತ್ತುಬಿಡ್ತೀನಿ ನೋಡ್ರಿ" ಎಂದಳು ದುರುಗಕ್ಕ.

ಅವಳ ತಂಗಿ ಸುಂಕಮ್ಮ ಗಂಡ ಸತ್ತ ಮೇಲೆ ಮಗಳು ಉಚ್ಚಂಗಿಯನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಳು. ಇನ್ನೂ ಗಜ್ಜುಗ ಆಡುವ ಹುಡುಗಿ ಉಚ್ಚಂಗಿ. ಒಂದು ಬೇಸಿಗೆಯಲ್ಲಿ ಅದಕ್ಕೆ ಬಿಟ್ಟೂಬಿಡದ ಜ್ವರ ಹಿಡಿಯಿತು. ದುರುಗಕ್ಕ ಹಣೆಗೆ ಒದ್ದೆ ಬಟ್ಟೆ ಇಡುತ್ತ, ಗಂಜಿ ನೀರು ಕುಡಿಸುತ್ತ, ಹುಡುಗಿಯ ಹಾಸಿಗೆಯ ಪಕ್ಕ ಬಿಟ್ಟು ಏಳದೆ ಪ್ರಾರ್ಥಿಸಿದಳು. ಸುಂಕಮ್ಮ ಇನ್ನೂ ಊರಮ್ಮನನ್ನು ಬಿಟ್ಟವಳಲ್ಲ. ಅಕ್ಕನಿಗೆ ಗೊತ್ತಾಗದಂತೆ ಹಿತ್ತಿಲಿಗೆ ಹೋಗಿ, ಮಗಳು ಉಳಿದರೆ ನಿನ್ನ ಹೆಸರಲ್ಲೇ ಮುತ್ತು ಕಟ್ಟಿ ಬಸವಿ ಬಿಡುತ್ತೇನೆ ತಾಯಿ ಎಂದು ಹರಸಿಕೊಂಡಳು. ಹುಡುಗಿ ಎದ್ದು ಕೂತಳು. ಅಕ್ಕ ತನ್ನ ಪ್ರಾರ್ಥನೆ ಫಲಿಸಿತು ಎಂದಳು, ತಂಗಿ ತನ್ನ ಹರಕೆ ಎಂದಳು. ಹರಕೆ ಏನೆಂದು ಆಗಲೇ ದುರುಗಕ್ಕನಿಗೆ ತಿಳಿದದ್ದು.

ತಾನು ಸವೆಸಿದ ಬದುಕನ್ನು ಈ ಕೂಸಿನ ಕೊರಳಿಗೆ ಕಟ್ಟಲು ಹೊರಟವಳು ಹೆತ್ತ ತಾಯಿ. ಅದೂ ಮಗಳ ಮೇಲಿನ ಪ್ರೀತಿಯಿಂದ. ದುರುಗಕ್ಕ ಬೈದಳು, ತಂಗಿಯ ಕಾಲು ಹಿಡಿದಳು. ಸುಂಕಮ್ಮ ಅತ್ತಳೇ ಹೊರತು ಬಗ್ಗಲಿಲ್ಲ. ಹರಕೆ ತಪ್ಪಿದರೆ ಮಗಳು ಸಾಯುತ್ತಾಳೆ ಎಂಬ ಭಯ ಅವಳ ಎದೆಯಲ್ಲಿ ಬೇರು ಬಿಟ್ಟಿತ್ತು.

ದುರುಗಕ್ಕ ನೇರ ಪ್ರಾರ್ಥನೆಯ ಗುಡಿಸಲಿಗೆ ನಡೆದಳು. "ಬರ್ರಿ ಉಪದೇಶಿಗಳ, ಯಜಮಾನ ಬೊಮ್ಮಪ್ಪನ ಹತ್ರ ಹೋಗಿ ಮಾತಾಡೂಣು" ಎಂದಳು. ಬೊಮ್ಮಪ್ಪ ಎಂದರೆ ಕುಲದ ಹಿರಿಯ, ಅವನ ಮಾತಿಲ್ಲದೆ ಕೇರಿಯಲ್ಲಿ ಮುತ್ತು ಕಟ್ಟುವಂತಿಲ್ಲ.

"ಇದು ಸೈತಾನನ ಯುದ್ಧ ದುರುಗಕ್ಕ. ನಮ್ಮ ಜಗಳ ಮನುಷ್ಯರ ಮೇಲಲ್ಲ. ಮನುಷ್ಯರ ಹತ್ತಿರ ಹೋಗಿ ಏನು ಮಾತಾಡೋದು? ಉಪವಾಸ ಇದ್ದು ಪ್ರಾರ್ಥನೆ ಮಾಡೋಣ" ಎಂದ ಸಾಮುವೇಲಪ್ಪ.

ಅವಳು ಪೆದ್ದಿಯ ಹಾಗೆ ನಂಬಿದಳು. ಪ್ರಾರ್ಥನೆಗೆ ಬರುವ ಸಭೆಯವರೆಲ್ಲ ಉಪವಾಸ ಕೂತರು, ಅವಳೂ ಕೂತಳು. ಸೈತಾನನನ್ನು ಕಟ್ಟಿಹಾಕು, ಅವನ ಕೋಟೆ ಕೆಡವು ಎಂದು ಸಾಮುವೇಲಪ್ಪ ಗುಡಿಸಲಿನ ಸೂರು ಹಾರುವಂತೆ ಕೂಗಿದ. ಇವರು ಒಳಗೆ ಕಣ್ಣು ಮುಚ್ಚಿ ಕೂತಿದ್ದಾಗ ಹೊರಗೆ ಸುಂಕಮ್ಮ ರಾಯದುರ್ಗದ ಸಂತೆಗೆ ಹೋಗಿ ಹಸಿರು ಬಳೆ, ಹೊಸ ಸೀರೆ, ಮುತ್ತು ತಂದಳು. ಬೊಮ್ಮಪ್ಪ ಶುಕ್ರವಾರ ಎಂದು ದಿನ ಗೊತ್ತುಮಾಡಿದ. ಸೈತಾನನ ಮೇಲೆ ಅಷ್ಟು ಆರ್ಭಟಿಸಿದ ಸಾಮುವೇಲಪ್ಪ ಬೊಮ್ಮಪ್ಪನ ಹೆಸರನ್ನು ಮಾತ್ರ ತಪ್ಪಿಯೂ ಎತ್ತಲಿಲ್ಲ. ಯಾಕೆಂದರೆ ಪ್ರಾರ್ಥನೆಯ ಗುಡಿಸಲು ನಿಂತಿದ್ದು ಬೊಮ್ಮಪ್ಪನ ಹಿತ್ತಿಲಿನ ಜಾಗದಲ್ಲಿ. ಅವನು ಹುಬ್ಬು ಗಂಟಿಕ್ಕಿದರೆ ಗುಡಿಸಲಿನ ಗೂಟವೂ ಉಳಿಯುತ್ತಿರಲಿಲ್ಲ. ಇದು ದುರುಗಕ್ಕನಿಗೆ ಹೊಳೆದಾಗ, ಹಸಿದ ಹೊಟ್ಟೆಯ ಜೊತೆ ಮೈಯೂ ಉರಿಯಿತು.

ಶುಕ್ರವಾರ ಬೆಳಿಗ್ಗೆ ಬೊಮ್ಮಪ್ಪನಿಂದಲೇ ಕರೆ ಬಂತು. ಬಸವಿ ಬಿಡುವಾಗ ಮನೆಯ ಗಂಡುಮಗ ವೀಳ್ಯದ ತಟ್ಟೆಯನ್ನು ಯಜಮಾನನ ಕೈಗೆ ಕೊಡಬೇಕು. ಆ ಮನೆಗೆ ಮಗ ಎಂದರೆ ದುರುಗಕ್ಕ. ಕ್ರೈಸ್ತಳಾದರೇನು, ಅಪ್ಪನಿಗೆ ಮಣ್ಣು ಕೊಟ್ಟವಳಲ್ಲವೇ? ತಟ್ಟೆ ಮುಟ್ಟಿ ಕೊಟ್ಟು ತನ್ನ ಪಾಡಿಗೆ ಹೋಗಲಿ, ಶಾಸ್ತ್ರಕ್ಕೆ ಅಷ್ಟು ಸಾಕು ಎಂದುಕೊಂಡಿದ್ದರು ಹಿರಿಯರು.

ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು. ಸಾಮುವೇಲಪ್ಪ ಪ್ರಾರ್ಥನೆಯ ಗುಡಿಸಲಿನ ಬಾಗಿಲಿಗೆ ಅಡ್ಡ ಬಂದ.

"ಅಲ್ಲಿಗೆ ಹೋಗಿ ಮನೆ ಮಗ ನಾನು ಅಂತ ನಿಂತರೆ ನೀನು ಮತ್ತೆ ಬಸವಿ ಆದಂಗೆ. ಸೈತಾನನ ಹಕ್ಕು ಹಿಡಿದು ದೇವರ ಕೆಲಸ ಮಾಡೋಕ್ಕಾಗಲ್ಲ. ಇಲ್ಲೇ ಕೂತು ಪ್ರಾರ್ಥನೆ ಮಾಡು."

"ಮಾಡಾಕ ಹೊಂಟೀನ್ರಿ. ಇಷ್ಟು ದಿನ ಕೇಳಿದ್ದಕ್ಕ ದೇವರು ಇವತ್ತು ಬಾಗಿಲು ತೆರದಾನ. ನೀವ್ಯಾಕ ಅಡ್ಡ ನಿಂತೀರಿ?"

ಅವನು ಸರಿಯಲಿಲ್ಲ. ಅವಳು ಪಕ್ಕದ ತಡಿಕೆ ಸರಿಸಿಕೊಂಡು ಹೊರಬಿದ್ದಳು.

ಊರಮ್ಮನ ಕಟ್ಟೆಯ ಮುಂದೆ ಕಂಬಳಿ ಹಾಸಿತ್ತು. ಹೊಸ ಸೀರೆ ಸುತ್ತಿಸಿಕೊಂಡು ಉಚ್ಚಂಗಿ ಕೂತಿದ್ದಳು, ಕೈತುಂಬ ಬಳೆ ಬಂದ ಖುಷಿಯಲ್ಲಿ. ದುರುಗಕ್ಕನೂ ಒಂದು ದಿನ ಹೀಗೇ ಖುಷಿಯಿಂದ ಕೂತಿದ್ದಳು. ದಾರಿಯುದ್ದಕ್ಕೂ ದೇವರೊಡನೆ ಜಗಳವಾಡುತ್ತ ಬಂದವಳು ಈಗ ಒಂದೇ ಮಾತು ಕೇಳಿದಳು, ಬಾಯಿ ತಡವರಿಸದಂತೆ ನೋಡಿಕೊ ಎಂದು. ತಟ್ಟೆಯನ್ನು ಕೈಗೆ ಕೊಟ್ಟರು. ಅವಳು ತೆಗೆದುಕೊಂಡಳು. ಬೊಮ್ಮಪ್ಪ ಕೈ ಚಾಚಿದ.

"ಈ ಮನಿ ಮಗ ನಾನ ಹೌದಲ್ರಿ ಯಜಮಾನ್ರ?"

"ಹೌದು. ಅದಕ್ಕ ಕರೆಸೀವಿ."

"ಹಂಗಾದ್ರ ಕೇಳ್ರಿ. ಈ ಮನಿ ಹುಡುಗೀನ ನಾನು ಬಿಡಂಗಿಲ್ಲ. ವೀಳ್ಯ ಕೊಡಂಗಿಲ್ಲ." ತಟ್ಟೆಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಹುಡುಗಿಯ ಪಕ್ಕ ಕೂತುಬಿಟ್ಟಳು.

ಬೊಮ್ಮಪ್ಪನ ಮುಖ ಕಪ್ಪಿಟ್ಟಿತು. "ನೀ ಮುತ್ತು ಕಿತ್ತು ಒಗದಾಕಿ. ನಿನಗೆಲ್ಲಿ ಹಕ್ಕು?"

"ಹಕ್ಕಿಲ್ಲಂದ್ರ ಯಾಕ ಹೇಳಿಕಳಿಸಿದ್ರಿ?"

ಬೊಮ್ಮಪ್ಪ ತಟ್ಟೆ ಕಸಿದುಕೊಂಡು ಬೇರೆಯವರ ಕೈಲಿ ಕೊಡಿಸಬಹುದಿತ್ತು. ಆದರೆ ಮಗನ ಕೈಯಿಂದ ಬಾರದ ವೀಳ್ಯವನ್ನು ಮುಟ್ಟಿದ ಯಜಮಾನನ ಮೇಲೆ ಊರಮ್ಮ ತಿರುಗಿಬೀಳುತ್ತಾಳೆ ಎಂದು ಅವನೇ ನಂಬಿದ್ದ. ಕೊನೆಗೆ ಕಂಬಳಿ ಎತ್ತಿಸಿದ. ಆ ಮನೆಗೆ ಬೆಂಕಿ ನೀರು ಕೊಡಬೇಡಿ ಎಂದು ಸಾರಿಸಿದ. ಸುಂಕಮ್ಮ ಎದೆ ಬಡಿದುಕೊಂಡಳು. ಆಮೇಲೆ ಬಹಳ ಕಾಲ, ಮಗಳು ಸೀನಿದರೂ ಅಕ್ಕನ ಕಡೆ ದುರುಗುಟ್ಟಿ ನೋಡುತ್ತಿದ್ದಳು. ದುರುಗಕ್ಕ ಹಗರಿಯಲ್ಲಿ ಒರತೆ ತೋಡಿ ನೀರು ಹೊತ್ತಳು.

ಕುಲದವರು ಶಿಕ್ಷೆ ಕೊಟ್ಟದ್ದಕ್ಕೆ ಅವಳಿಗೆ ಸಿಟ್ಟು ಬರಲಿಲ್ಲ, ಅವರಿಂದ ಬೇರೇನು ನಿರೀಕ್ಷಿಸಿದ್ದಳು? ಸಭೆಯವರು ಕೊಟ್ಟದ್ದು ಮಾತ್ರ ಸಾಯುವ ತನಕ ಕುದಿಯಿತು. ಭಾನುವಾರ ಪ್ರಾರ್ಥನೆಯಲ್ಲಿ ಯೇಸುವಿನ ನೆನಪಿನ ರೊಟ್ಟಿ ಹಂಚುವಾಗ ಸಾಮುವೇಲಪ್ಪ ಅವಳನ್ನು ದಾಟಿ ಮುಂದಕ್ಕೆ ಹೋದ. ಬಸವಿಯ ಹಕ್ಕು ಹಿಡಿದದ್ದು ಪಾಪ ಎಂದು ಎಲ್ಲರೆದುರು ಒಪ್ಪಿಕೊಳ್ಳುವ ತನಕ ಕರ್ತನ ಊಟವಿಲ್ಲ, ಕೂರುವುದೂ ಹೊರಗಿನ ಚಪ್ಪರದಲ್ಲಿ ಎಂದು ವಿಧಿಸಿದ.

ಚಳಿಗಾಲದಲ್ಲಿ ಬಳ್ಳಾರಿಯಿಂದ ಮಿಷನ್ನಿನ ದೊರೆಸಾನಿ ಎತ್ತಿನ ಬಂಡಿಯಲ್ಲಿ ಬಂದಳು. ಸಾಮುವೇಲಪ್ಪ ಉಚ್ಚಂಗಿಯನ್ನು ಒಳಗೆ ಕರೆಸಿ ಮುಂದೆ ನಿಲ್ಲಿಸಿದ. ಈ ಮಗುವನ್ನು ಸೈತಾನನ ಬಾಯಿಂದ ನಮ್ಮ ಸಭೆಯ ಉಪವಾಸ ಪ್ರಾರ್ಥನೆ ಬಿಡಿಸಿತಮ್ಮ ಎಂದು ಕೈಮುಗಿದ. ದೊರೆಸಾನಿಯ ಕಣ್ಣು ತುಂಬಿತು. ಹುಡುಗಿಯ ಗಲ್ಲ ಹಿಡಿದು, ನಿನಗಾಗಿ ಯಾರ್ಯಾರು ಪ್ರಾರ್ಥನೆ ಮಾಡಿದರು ಮಗು, ತೋರಿಸು ಎಂದು ತನ್ನ ತೊದಲು ಕನ್ನಡದಲ್ಲಿ ಕೇಳಿದಳು.

ಹುಡುಗಿ ಸಭೆಯನ್ನೆಲ್ಲ ನೋಡಿದಳು. "ನಮ್ಮ ದೊಡ್ಡವ್ವ ಇಲ್ಲಿಲ್ಲರಿ. ಹೊರಗ ಕುಂತಾಳ. ಆಕಿಗೆ ರೊಟ್ಟಿ ಕೊಡಂಗಿಲ್ಲರಿ."

ದೊರೆಸಾನಿ ಸಾಮುವೇಲಪ್ಪನಿಂದ ಎಲ್ಲ ಕೇಳಿ ತಿಳಿದಳು. ಆಮೇಲೆ ಚಪ್ಪರಕ್ಕೆ ಬಂದು, ಮೆತ್ತಗೆ, ಬಹಳ ಪ್ರೀತಿಯಿಂದಲೇ ಹೇಳಿದಳು: ನಿಯಮ ಎಲ್ಲರಿಗೂ ಒಂದೇ ಅಮ್ಮ, ತಪ್ಪಾಯಿತು ಎಂದು ಒಂದು ಮಾತು ಹೇಳು, ಇವತ್ತೇ ಒಳಗೆ ಬಾ.

ದುರುಗಕ್ಕ ಎದ್ದು ನಿಂತಳು.

"ಹೇಳಂಗಿಲ್ರಿ ಅಮ್ಮಾರ. ಸುಳ್ಳು ಹೇಳಿ ಆ ರೊಟ್ಟಿ ತಿಂದ್ರ ನನಗ ದಕ್ಕಂಗಿಲ್ಲ. ನೀವು ಒಳಗ ಪ್ರಾರ್ಥನಾ ಮಾಡ್ರಿ, ನಾನು ಇಲ್ಲಿ ಮಾಡ್ತೀನಿ. ದೇವರು ಇಬ್ಬರ್ದೂ ಕೇಳ್ಕೊಳ್ಳಲಿ."

ಚಪ್ಪರದಲ್ಲಿ ಮತ್ತೆ ಕೂತು ಜೋರಾಗಿ ಶುರು ಮಾಡಿದಳು. ಒಳಗೆ ಎತ್ತಿದ ಹಾಡು ಅವಳ ದನಿಯನ್ನು ಮುಚ್ಚಲಿಲ್ಲ. ಉಚ್ಚಂಗಿ ರೊಟ್ಟಿಯ ಸಾಲು ಬಿಟ್ಟು ಹೊರಗೆ ಬಂದಳು, ದೊಡ್ಡವ್ವನ ಪಕ್ಕ ಮೊಣಕಾಲೂರಿದಳು, ಕಣ್ಣು ಮುಚ್ಚಲಿಲ್ಲ.