ಆಯುಧಪೂಜೆಗೆ ರಜೆ ಪಡೆದ ಯಂತ್ರ

ಯಂತ್ರ ಕೆಡದೆ ಇದ್ದರೆ ನನಗೆ ಬೇಜಾರಾಗುತ್ತದೆ. ಹೆಂಡತಿಗೂ ಹೇಳದ ಮಾತನ್ನು ನಿಮಗೆ ಹೇಳುತ್ತಿದ್ದೇನೆ, ನಗಬೇಡಿ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡುವ ತಂತ್ರಾಂಶವೊಂದನ್ನು ನಾವು ಏಳೆಂಟು ಜನ ಸಂಬಳವಿಲ್ಲದೆ ಕಟ್ಟುತ್ತಿದ್ದೆವು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಪುಕ್ಕಟೆ ಬಳಸಬಹುದು. ಒಬ್ಬೊಬ್ಬರು ಒಂದೊಂದು ಊರಿನಿಂದ ಕಳಿಸಿದ ತಿದ್ದುಪಡಿಗಳನ್ನು ಕೂಡಿಸಿ, ದಿನಾ ಬೆಳಿಗ್ಗೆ ಹೊಸ ಪ್ರತಿ ಕಟ್ಟಿ, ಸರಿಯಿದೆಯೋ ಇಲ್ಲವೋ ಎಂದು ಎಲ್ಲರಿಗೂ ಇ-ಮೇಲ್ ಹಾಕುವ ಬಿಲ್ಡ್ ಸರ್ವರ್ ಇದ್ದದ್ದು ಮುಳಬಾಗಿಲಿನ ನಮ್ಮ ನಡುಮನೆಯಲ್ಲಿ. ಹೆಸರು ದೊಡ್ಡದು, ವಸ್ತು ಹಳೇ ಕಂಪ್ಯೂಟರು. ಶಾಲೆಯಲ್ಲಿ ವಿಜ್ಞಾನ ಹೇಳುವ ನಾನೇ ಅದರ ಪೂಜಾರಿ.

ಕರೆಂಟು ಹೋದರೆ ಅದು ನಿಲ್ಲುತ್ತಿತ್ತು. ಇಲಿ ತಂತಿ ಕಡಿದರೂ ನಿಲ್ಲುತ್ತಿತ್ತು. ಅದು ನಿಂತು ಬೆಳಗಿನ ಇ-ಮೇಲ್ ತಪ್ಪಿದ ಕೂಡಲೇ ಶ್ರೀನಿವಾಸಪುರದಿಂದ ಚಲಪತಿಯ ಫೋನು. ಅಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ ಅವನೇ ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಬರಬೇಕೆಂದು ನಮ್ಮ ತಂತ್ರಾಂಶದ ಕೀಲಿಮಣೆ ಜೋಡಿಸುತ್ತಿದ್ದವನು. "ಏಮಿರಾ, ನಿನ್ ಗಾಡಿ ಮತ್ತೆ ಮಲಕ್ಕೊಂತಾ?" ಎಂದು ತೆಲುಗು ಬೆರೆಸಿ ಶುರುಮಾಡಿ, ಮಾವಿನ ಹೂವು, ಮಂಡಿನೋವು, ಮಗಳ ಪರೀಕ್ಷೆ ಎಲ್ಲ ಮುಗಿಸಿಯೇ ಫೋನು ಇಡುತ್ತಿದ್ದ.

ಒಂದು ವರ್ಷ, ಅವನ ಹೊಸ ಕೀಲಿಮಣೆ ಜನರ ಕೈಸೇರಬೇಕಾದ ದಿನವೇ ಆಯುಧಪೂಜೆ ಬಂತು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೆಂಡತಿ ಶಾರದೆ ಯಂತ್ರ ಆರಿಸಿ, ಒರೆಸಿ, ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂವು ಮುಡಿಸಿದ್ದಳು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. "ವರ್ಷವೆಲ್ಲಾ ದುಡ್ದಿದೆ, ಒಂದಿನ ಸುಧಾರಿಸ್ಕೊಳ್ಲಿ ಬಿಡ್ರೀ" ಎಂದಳು. ನಾನೂ ಒಂದು ಊದುಬತ್ತಿ ಹಚ್ಚಿದೆ. ಹೇಳಿಕೇಳಿ ವಿಜ್ಞಾನದ ಮೇಷ್ಟ್ರು!

ನಾನು ಫೋನಿನಲ್ಲಿ ಹೇಳಿದ್ದನ್ನು ನಂಬದೆ ಚಲಪತಿ ಮಧ್ಯಾಹ್ನ ಬಸ್ಸು ಹತ್ತಿ ಬಂದೇಬಿಟ್ಟ. ಕೆಂಡಾಮಂಡಲವಾಗಿದ್ದ. ಹೂವು ಮುಡಿದ ಯಂತ್ರ ನೋಡಿದವನೇ ಹೊರಗೆ ಹೋಗಿ, ಚಪ್ಪಲಿ ಬಿಟ್ಟು ಬಂದು ಕೈಮುಗಿದ. "ನಾನೂ ಟೈಪ್‌ರೈಟರ್‌ಗಳಿಗೆಲ್ಲ ಕುಂಕುಮ ಇಟ್ಟೇ ಬಂದಿದೀನಿ ಕಣೋ. ನಾಳೆ ಆಗ್ಲಿ ಬಿಡು." ಒಬ್ಬಟ್ಟು ತಿಂದು ಸಂಜೆಯವರೆಗೆ ಹರಟಿದ.

ಆಮೇಲೆ ನಮ್ಮ ಗುಂಪಿಗೆ ಬುದ್ಧಿವಂತರು ಬಂದು ಸೇರಿಕೊಂಡರು. ಯಂತ್ರದ ಕೆಲಸ ದೂರದ ಬಾಡಿಗೆ ಜಾಗಕ್ಕೆ ಹೋಯಿತು. ಅಲ್ಲಿ ಒಂದು ಸರ್ವರ್ ಬಿದ್ದರೆ ಇನ್ನೊಂದು ಎದ್ದು ನಿಲ್ಲುತ್ತದೆ. ಒಳ್ಳೆಯದೇ, ನಾನೂ ಕೈಯೆತ್ತಿ ಒಪ್ಪಿದ್ದೆ. ಆದರೆ ಚಲಪತಿಯ ಫೋನು ನಿಂತುಹೋಯಿತು. ಅವನ ಮಗಳು ಪಾಸಾದಳೋ ಇಲ್ಲವೋ ಗೊತ್ತಿಲ್ಲ. ದಿನಾ ಬೆಳಿಗ್ಗೆ ಇ-ಮೇಲ್ ಮಾತ್ರ ತಪ್ಪುವುದಿಲ್ಲ: ಎಲ್ಲ ಸರಿಯಿದೆ. ಹಾಳಾದ್ದು, ಏನು ಸರಿಯಿದೆ? ನನಗೆ ಬೇಕಾದದ್ದು ಅವನ ದನಿ. ಕೆಲಸವಿಲ್ಲದೆ ಫೋನು ಮಾಡಿ ಏನಂತ ಹೇಳುವುದು?

ಕಳೆದ ಭಾನುವಾರ ನಾಚಿಕೆ ಬಿಟ್ಟು ನಾನೇ ಮಾಡಿದೆ.

"ಏನ್ಲಾ, ಏನ್ ಕೆಡ್ತು?" ಎಂದ. ದನಿಯಲ್ಲಿ ಎಂಥ ಆಸೆ!

"ಏನೂ ಕೆಟ್ಟಿಲ್ಲ ಕಣೋ. ಸುಮ್ನೆ ಮಾಡ್ದೆ."



"ಸುಮ್ಸುಮ್ನೇನೂ ಮಾಡ್ಬೋದಿತ್ತೇನೋ? ನಾನು ಇಷ್ಟ್ ವರ್ಷದಿಂದ, ಏನಾದ್ರೂ ಕೆಡ್ಲಪ್ಪಾ ದೇವ್ರೇ ಅಂತ ಕಾಯ್ತಾ ಕೂತಿದ್ದೆ."